ಮುಚ್ಚಳದಷ್ಟ ಎಣ್ಣಿ

ಸೊಲ್ಲಾಪುರದ ದೊಡ್ಡ ದವಾಖಾನ್ಯಾಗ
ಡಾಕ್ಟರಬಾಯಿ ಮರಾಠಿಯೊಳಗ ಹೇಳಿದ್ಲು:
ತೇಲ ಕಮಿ, ಮೀಠ ಕಮಿ.
ಎಷ್ಟು ಕಮ್ಮಿ ಅಂತ ನಾ ಕೇಳೂದ್ರಾಗ
ಮುಂದಿನ ನಂಬರಿನಾಂವ ಬಂದು
ಸ್ಟೂಲಿನ ಮ್ಯಾಲ ಕುಂತುಬಿಟ್ಟಿದ್ದ.

ಮನಿಗೆ ಬಂದು ಅಳತಿಗೊಂದು ಸಾಮಾನು ಹುಡುಕಿದೆ.
ನಮ್ಮ ಚಮಚಾ ಒಂದಕ್ಕೊಂದು ಸಂಬಂಧ ಇಲ್ಲದವು,
ಒಂದು ಲಗ್ನದಾಗ ಮುಯ್ಯಿ ಬಂದದ್ದು,
ಒಂದು ಡಬ್ಬಿ ಮುಚ್ಚಳ ಮೀಟಿ ಮೀಟಿ ಸೊಟ್ಟಾದದ್ದು.
ಕಡೀಕ ಸಿಕ್ಕಿದ್ದು
ಸುಮಿತ್ರಾನ ಕೆಮ್ಮಿನ ಔಷಧದ ಮುಚ್ಚಳ,
ಐದು, ಹತ್ತು ಅಂತ ಗೆರಿ ಇದ್ದದ್ದು.
ಮೂರು ಸಲ ಬಿಸಿನೀರಾಗ ತೊಳದೆ.
ಆದರೂ ಮೊದಲ ದಿನದ ಒಗ್ಗರಣಿ
ಒಂದೀಟು ಔಷಧದ ವಾಸನಿ ಹೊಡೀತು.

ಇವರು ತಾಟು ನೋಡಿದ್ರು, ನನ್ನ ನೋಡಿದ್ರು.
'ಯಾರರ ಸತ್ತಾರೇನ ಮನ್ಯಾಗ?'

ಬರಬರತ ತಿಳೀತು.
ಸಾಸಿವಿ ಸಿಡ್ಯಾಕ ಎಣ್ಣಿ ತುಂಬಿರಬೇಕಂತಿಲ್ಲ,
ಸೌಟು ಒಂದ ಕಡಿಗೆ ವಾರಿ ಹಿಡದ್ರ
ಐದ ಗೆರ್‍ಯಾಗೂ ಅದು ಚಟಪಟ ಬೈತೈತಿ.
ಹೆಸರಬ್ಯಾಳಿಗೆ ಉಳ್ಳಾಗಡ್ಡಿ ಹುರ್‍ಯೂದೇ ಬ್ಯಾಡ,
ಒಲಿ ಮ್ಯಾಲ ಇಡಿಯಾಗಿ ಸುಟ್ಟು, ಗುದ್ದಿ ಹಾಕಿದ್ರ ಆತು.
ಉಪ್ಪಿನ ಸಾಲ ಹುಣಸಿ ತೀರಸ್ತೈತಿ, ಅರ್ಧ.
ಮೆಂತೆ ತಪ್ಪಲ ಹಸೀದs ಕೊಚ್ಚಿ,
ಶೇಂಗಾ ಹಿಂಡಿ ಉದುರಿಸಿ ರೊಟ್ಟಿ ಜೋಡಿ ಕೊಡೂದು.
ಆದರ ಶೇಂಗಾ ಕುಟ್ಟಿದಾಗ ತನ್ನ ಎಣ್ಣಿ ತಾನ ಬಿಡತೈತಿ,
ಅದನ್ನ ಲೆಕ್ಕಕ್ಕ ಹಿಡೀಬೇಕೋ ಬ್ಯಾಡೋ
ಡಾಕ್ಟರಬಾಯಿನ್ನ ಕೇಳಬೇಕಾಗಿತ್ತು.

ಸಂಜಿ ಏಳಾದ ಮ್ಯಾಲ ಸಂತಿಗೆ ಹೋಗ್ತೀನಿ,
ಹತ್ತು ರೂಪಾಯಿ ಸಿವುಡು ಎರಡಾಗೂ ಹೊತ್ತು.
ಬಾಜೂ ಮನಿ ಯಾದಮ್ಮನೂ ಬರ್ತಾಳ.
ಆಕಿ ಗೋಂಗೂರ ಅಂತಾಳ, ನಾ ಪುಂಡಿ ಅಂತೀನಿ,
ಮಾರಾಂವ ಅಂಬಾಡಿ, ಅಂಬಾಡಿ ಅಂತ ಒದರ್ತಾನ.
ಮೂರೂ ಮಂದಿ ಸೇರಿ ಅದಕ್ಕ ಚೌಕಾಸಿ ಮಾಡ್ತೀವಿ.

ಆಮ್ಯಾಲ ಒಂದು ಶುಕ್ರವಾರ,
ಇವರ ಕಾರಖಾನಿ ಅಂಗಿ ಒಗೀಲಿಕ್ಕೆ ನೆನಿಯಿಡೂ ಮುಂದ
ಕಿಸೆದಾಗ ಹತ್ತಿ ನೂಲಿನ ಉಂಡಿ,
ಅದರೊಳಗ ಮಡಚಿದ ಪೇಪರಿನ ತುಂಡು.
ಎಣ್ಣಿ ಕುಡದು ಕನ್ನಡಿಯಾಗಿತ್ತು ಅದು.
ಈ ಕಡೆ ವಧು ಬೇಕು, ವರ ಬೇಕು,
ಆ ಕಡೆ ತೀರಿಕೊಂಡವರ ಫೋಟೋ,
ಬೆಳಕಿಗೆ ಹಿಡದ್ರ
ಒಬ್ಬರ ಮೀಸಿ ಮ್ಯಾಲ ಒಬ್ಬರ ಜಾತಕ.

ನಾ ಲೆಕ್ಕಾ ಹಾಕಿದೆ. ಒಂದು ಪ್ಲೇಟ ಭಜಿ ಅಂದ್ರ
ಎಷ್ಟು ಮುಚ್ಚಳ? ಎಷ್ಟು ದಿನದ ನನ್ನ ಒಗ್ಗರಣಿ?
ಕೇಳಲಿಲ್ಲ.
ಯಾದಮ್ಮನ ಕಡಿಂದ ಗುಳಿ ಹಂಚು ತಂದೆ,
ಅರಿವಿ ಚಿಂದಿ ಎಣ್ಯಾಗ ಎದ್ದಿ
ಒಂದೊಂದು ಗುಳಿ ಒರಸಿದೆ, ಕೂಸಿನ ಕಿವಿ ಒರಸಿದಂಗ.
ಕಡ್ಲಿಹಿಟ್ಟು, ಉಳ್ಳಾಗಡ್ಡಿ, ಅಜವಾನ,
ಒಂದು ಹಸಿಮೆಣಸಿನಕಾಯಿ, ಬೀಜ ತಗದಿಲ್ಲ.
ಕೆಳಗ ಕೆಂಪಾದ ಮ್ಯಾಲ ಸೂಜಿಲೆ ಹೊರಳಿಸಿದೆ.

ರಾತ್ರಿ ಪಾಳಿ ಮುಗಿಸಿ ಬಂದ್ರು,
ರೆಪ್ಪಿ ಮ್ಯಾಲ ಇನ್ನೂ ಚಾದರಿನ ಅರಳಿ ಇತ್ತು.
ಒಂದು ತಿಂದ್ರು.
'ಇದು ಭಜಿ ಅಲ್ಲ.'
ಎರಡು. ನಾಕು. ಸುಮಿತ್ರಾನ ಪಾಲಿಂದೂ ಒಂದು.
ಒಂಬತ್ತನೇದು ಬಾಯಾಗ ಇಟಗೊಂಡ
'ಅಲ್ಲ, ಇದು ಭಜಿ ಅಲ್ಲ' ಅಂದ್ರು.

ಆ ಪೇಪರು ನಾ ಚೆಲ್ಲಿಲ್ಲ.
ಎಣ್ಣಿ ಡಬ್ಬಿ ಬುಡಕ ಹಾಸೀನಿ,
ಜಿಡ್ಡು ಕಟ್ಟಿಗೆ ಹತ್ತಬಾರದಂತ, ಅಷ್ಟ.
ಮರುದಿನ ಚಾಪುಡಿ ಹುಡುಕ್ತ ಡಬ್ಬಿ ಎತ್ತಿದ್ರು.
ಬಾಳೊತ್ತು ಎತ್ತೇ ಹಿಡದಿದ್ರು.
ಇದ್ದಲ್ಲೇ ಇಟ್ಟು, ಏನೂ ಅನಲಾರದ
ಬಳ್ಳೊಳ್ಳಿ ಬುಟ್ಟಿ ಎಳಕೊಂಡು ಸುಲೀಲಿಕ್ಕೆ ಕುಂತ್ರು.
ಹದಿನೇಳು ವರ್ಷದಾಗ ಮೊದಲನೇ ಸಲ.

ಸಿಪ್ಪಿ ಎಲ್ಲಾ ಪಂಖಾದ ಗಾಳಿಗೆ
ಮನಿ ತುಂಬ ಹಾರಿಸಿದ್ರು.